16 ಜಿಬಿ ರ‍್ಯಾಮ್ ಹಾಕಿದ ಮೇಲೆ ಕಾಪಿ ಮಾಡುವಾಗ ‘ಮೆಮೊರಿ ಇಲ್ಲ’ ಅಂತ ಸಿಸ್ಟಂ ಸಾಯ್ತೈತಿ, ಯಾರಾದ್ರೂ ನೋಡ್ರಿ

ಮಂಡಕ್ಕಿ ಮಿರ್ಚಿ, ದಾವಣಗೆರೆ
ಸೋಮವಾರ ಸಂಜೆ 7:10

ಎಲ್ಲರಿಗೂ ನಮಸ್ಕಾರ ರೀ. ನಂದು ಮದುವೆ ಫೋಟೊ-ವಿಡಿಯೊ ಸ್ಟುಡಿಯೊದಾಗ ಕೆಲಸ. ಎಡಿಟಿಂಗ್‌ಗೆ ಬೇರೆ ವಿಂಡೋಸ್ ಸಿಸ್ಟಂ ಐತಿ. ಈ ಕಥೆ ಮೂಲೇಲಿರೋ ಹಳೇ ಡೆಸ್ಕ್‌ಟಾಪ್‌ದು. ಮೂರನೇ ಜನರೇಷನ್ ಐ5, ಎಚ್61 ಬೋರ್ಡ್, ಲಿನಕ್ಸ್ ಮಿಂಟ್ 19. ಕೆಲಸ ಒಂದೇ: ಮದುವೆ ಮುಗಿದ ಮೇಲೆ ಎಲ್ಲ ಫೈಲ್ ಪಾರ್ಟಿಯವರ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಹಾಕಿ ಕೊಡೋದು.

ಮೊದಲು 4 ಜಿಬಿ ರ‍್ಯಾಮ್ ಇತ್ತು. ನಿಧಾನ ಆದ್ರೂ ಕೆಲಸ ನಡೀತಿತ್ತು. ಹೋದ ವಾರ ಎರಡು 8 ಜಿಬಿ ಕಡ್ಡಿ ಹಾಕಿಸಿದೆ. ಅವತ್ತಿಂದ ಗ್ರಹಚಾರ ಶುರು. 380 ಜಿಬಿ ಕಾಪಿಗೆ ಹಚ್ಚಿದ್ರೆ ಸುಮಾರು 20 ನಿಮಿಷಕ್ಕೆ ಮೌಸ್ ನಿಲ್ತತಿ, ಆಮೇಲೆ ಬ್ರೌಸರ್ ತಾನಾಗೇ ಮುಚ್ಚಿಕೊಳ್ತತಿ, ಕೊನಿಗೆ ಡೆಸ್ಕ್‌ಟಾಪೇ ಹೋಗಿ ಲಾಗಿನ್ ಪರದೆ ಬರ್ತತಿ. ಲಾಗ್‌ನಾಗ ‘ಔಟ್ ಆಫ್ ಮೆಮೊರಿ’ ಅಂತ ಐತಿ. ಆದ್ರೆ ಅದೇ ಹೊತ್ತಿಗೆ ಮೆಮೊರಿ ಲೆಕ್ಕ ತೋರಿಸೋ ಫ್ರೀ ಕಮಾಂಡ್ ಹೊಡೆದ್ರೆ ‘ಅವೇಲಬಲ್’ ಕಾಲಂನಾಗ 12 ಜಿಬಿ ತೋರಿಸ್ತತಿ! ಸ್ವಾಪ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) 4 ಜಿಬಿ ಐತಿ, ಅದನ್ನ ಮುಟ್ಟೇ ಇಲ್ಲ.

ರ‍್ಯಾಮ್ ಮಾರಿದ ಅಂಗಡಿಯವನ ಜೊತೆ ಆಗಲೇ ಒಂದು ಸುತ್ತು ಜಗಳ ಆಗೈತಿ. ಬುಧವಾರ ಮುಂಜಾನೆ ಪಾರ್ಟಿ ಡಿಸ್ಕ್ ಒಯ್ಯಾಕ ಬರ್ತಾರೆ. ದಾರಿ ತೋರಿಸ್ರಿ.


ಹದಡಿ ರೋಡ್, ದಾವಣಗೆರೆ
ಸೋಮವಾರ ಸಂಜೆ 7:25

ರ‍್ಯಾಮ್ ಡೂಪ್ಲಿಕೇಟ್ ಐತಿ ತಮ್ಮಾ. ಹಾಕಿದ ಮೇಲೆ ಶುರು ಆತು ಅಂದ್ರೆ ಇನ್ನೇನು? ತೆಗೆದು ಮುಖಕ್ಕೆ ಒಗೆದು ಬಾ. ಇಲ್ಲಾ ವಿಂಡೋಸ್ ಹಾಕು, ಈ ಲಿನಕ್ಸ್ ಸಹವಾಸ ಯಾಕ.


ಮಂಡಕ್ಕಿ ಮಿರ್ಚಿ
ಸೋಮವಾರ ಸಂಜೆ 7:31

ಅಣ್ಣಾ, ನಿನ್ನೆ ರಾತ್ರಿ ಇಡೀ ಮೆಮೊರಿ ತಪಾಸಣೆ ಮಾಡೋ ಮೆಮ್‌ಟೆಸ್ಟ್ ಓಡಿಸೀನಿ. 4 ಸುತ್ತು ಮುಗೀತು, ಒಂದು ತಪ್ಪೂ ಬಂದಿಲ್ಲ.


ಕೋಟೆ ಕಲ್ಲು, ಚಿತ್ರದುರ್ಗ
ಸೋಮವಾರ ರಾತ್ರಿ 8:02

ಮೆಮ್‌ಟೆಸ್ಟ್ ಪಾಸಾಗೈತೆ ಅಂದ್ರೆ ಅಂಗಡಿಯವನನ್ನ ಸದ್ಯಕ್ಕೆ ಬಿಟ್ಟಾಕು.

ಇದು ಹಳೇ ಕಾಯಿಲೆ. ನೀನು ಕಾಪಿಗೆ ಹಾಕಿದ ಡೇಟಾ ನೇರವಾಗಿ ಡಿಸ್ಕ್‌ಗೆ ಹೋಗಲ್ಲ, ಮೊದಲು ರ‍್ಯಾಮ್‌ನಲ್ಲಿ ಇಳಿಯುತ್ತೆ. ಇನ್ನೂ ಡಿಸ್ಕ್‌ಗೆ ಬರೆಯದೆ ಉಳಿದ ಪುಟಗಳಿಗೆ (ಮೆಮೊರಿಯ ತುಂಡುಗಳಿಗೆ) ಕರ್ನಲ್, ಅಂದ್ರೆ ಲಿನಕ್ಸ್‌ನ ಒಳತಿರುಳು, ಅದರ ಭಾಷೇಲಿ ‘ಡರ್ಟಿ ಪೇಜ್’ ಅಂತಾರೆ. ಬಳಸೋಕೆ ಸಿಗೋ ಮೆಮೊರಿಯ 10 ಪರ್ಸೆಂಟ್ ದಾಟಿದ್ರೆ ಹಿನ್ನೆಲೆಯಲ್ಲಿ ಬರೆಯೋಕೆ ಶುರು ಮಾಡುತ್ತೆ, 20 ಪರ್ಸೆಂಟ್ ಮುಟ್ಟಿದ್ರೆ ಬರೀತಿರೋ ಪ್ರೋಗ್ರಾಂನ್ನೇ ಹಿಡಿದು ನಿಲ್ಲಿಸುತ್ತೆ. ರ‍್ಯಾಮ್ ದೊಡ್ಡದಾದಷ್ಟೂ ಆ 20 ಪರ್ಸೆಂಟೂ ದೊಡ್ಡದು. ಡಿಸ್ಕ್‌ನ ವೇಗ ಮಾತ್ರ ಅಷ್ಟೇ. 4 ಜಿಬಿ ಇದ್ದಾಗ ಸರಿ ಇತ್ತು, 16 ಆದ ಮೇಲೆ ಕೆಟ್ಟಿತು ಅನ್ನೋದಕ್ಕೆ ಇದು ಸರಿಹೊಂದುತ್ತೆ.

ಪರ್ಸೆಂಟ್ ಬಿಟ್ಟು ಬೈಟ್ ಲೆಕ್ಕದಲ್ಲಿ ಮಿತಿ ಹಾಕು. ಕರ್ನಲ್ ಸೆಟ್ಟಿಂಗ್ ಬದಲಿಸೋ ಸಿಸ್‌ಕಂಟ್ರೋಲ್‌ನಲ್ಲಿ ‘ವಿಎಂ ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್’ ಅನ್ನೋದಕ್ಕೆ 67108864, ಅಂದ್ರೆ 64 ಎಂಬಿ. ‘ವಿಎಂ ಡರ್ಟಿ ಬೈಟ್ಸ್’ಗೆ 268435456, ಅದು 256 ಎಂಬಿ. ಬೈಟ್ಸ್ ಹಾಕಿದ ತಕ್ಷಣ ರೇಷಿಯೊ (ಪರ್ಸೆಂಟ್ ಮಿತಿ) ತಾನಾಗೇ ಸೊನ್ನೆ ತೋರಿಸುತ್ತೆ, ಗಾಬರಿ ಬೇಡ. ಹಾಕಿ ಹೇಳು.


ಲೆಕ್ಕದ ಮೇಷ್ಟ್ರು, ಚಿತ್ರದುರ್ಗ
ಸೋಮವಾರ ರಾತ್ರಿ 8:40

ಕೋಟೆಯವರೇ, ಒಂದು ಅನುಮಾನ. 20 ಪರ್ಸೆಂಟ್ ತುಂಬಿದರೆ ಸಿಸ್ಟಂ ಮಂಕಾಗಬೇಕು, ಒಪ್ಪಿದೆ. ಆದರೆ ಉಳಿದ 80 ಪರ್ಸೆಂಟ್ ಇರುವಾಗ ‘ಮೆಮೊರಿ ಇಲ್ಲ’ ಎಂದು ಪ್ರೋಗ್ರಾಂಗಳನ್ನು ಕೊಲ್ಲುವುದೇಕೆ? ನಿಧಾನಕ್ಕೂ ಸಾವಿಗೂ ಒಂದೇ ಕಾರಣ ಹೇಳಿದಂತಾಯಿತು. ನನಗೆ ಲೆಕ್ಕ ಕೂಡುತ್ತಿಲ್ಲ.


ಹದಡಿ ರೋಡ್
ಸೋಮವಾರ ರಾತ್ರಿ 8:44

ಮೇಷ್ಟ್ರು ಇಲ್ಲೂ ಉತ್ತರಪತ್ರಿಕೆ ತಿದ್ದಾಕ ಕುಂತರು 😀


ಮಂಡಕ್ಕಿ ಮಿರ್ಚಿ
ಸೋಮವಾರ ರಾತ್ರಿ 10:15

ಕೋಟೆ ಅಣ್ಣಾ, ನೀವು ಹೇಳಿದಂಗ ಹಾಕಿದೆ. ಮೌಸ್ ಮೊದಲಿಗಿಂತ ಚಲೋ ಓಡ್ತು. 20 ನಿಮಿಷಕ್ಕೆ ಸಾಯ್ತಿದ್ದದ್ದು ಈಗ 50 ನಿಮಿಷಕ್ಕೆ ಸತ್ತೈತಿ. ಅಷ್ಟೇ ವ್ಯತ್ಯಾಸ. ಅದೂ ಅಲ್ದೆ ಸಾಯೋ ಮುಂಚೆ ಕಾಪಿ ವೇಗ ಕೆಬಿ ಲೆಕ್ಕಕ್ಕೆ ಇಳಿದಿತ್ತು.

ಲಾಗ್‌ನಾಗ ಒಂದು ಸಾಲು ನೋಡಿ ಎದಿ ಧಸಕ್ ಅಂತು. ಇಂಥ ಪ್ರೋಗ್ರಾಂನ ಕೊಲ್ಲು ‘ಇಲ್ಲಾ ಮಗುವನ್ನ ಬಲಿ ಕೊಡು’ ಅನ್ನೋ ಅರ್ಥದ ಇಂಗ್ಲಿಷ್ ಐತಿ. ಇದೇನ್ರಿ ಇದು?


ಕೋಟೆ ಕಲ್ಲು
ಸೋಮವಾರ ರಾತ್ರಿ 10:32

ಹೆದರಬೇಡ, ಹಳೇ ಕರ್ನಲ್‌ಗಳು ಹಂಗೇ ಬರೀತಿದ್ವು. ಒಂದು ಪ್ರೋಗ್ರಾಂ ಹುಟ್ಟಿಸಿದ ಇನ್ನೊಂದಕ್ಕೆ ಮಗು ಅಂತಾರೆ, ಅದನ್ನ ಮುಚ್ಚುತ್ತೆ ಅಂತ ಅರ್ಥ.

ಮೇಷ್ಟ್ರು ಕೇಳಿದ್ದು ಸರಿ. ನಾನು ಆತುರಪಟ್ಟೆ. ಮೊದಲೇ ಕೇಳಬೇಕಿದ್ದ ಪ್ರಶ್ನೆ ಈಗ ಕೇಳ್ತೀನಿ. ಮೂರು ಕೆಲಸ ಮಾಡಪ್ಪ:

ಸಿಸ್ಟಂ ಎಷ್ಟು ಬಿಟ್‌ದು ಅಂತ ತಿಳಿಯೋಕೆ ಯೂನೇಮ್ ಮೈನಸ್ ಎಂ ಹೊಡೆದು ಏನು ಬರುತ್ತೆ ಹೇಳು. ಫ್ರೀ ಮೈನಸ್ ಎಲ್ ಹೊಡಿ, ‘ಲೋ’ ‘ಹೈ’ ಅಂತ ಎರಡು ಸಾಲು ಜಾಸ್ತಿ ಬಂದ್ರೆ ಆ ಅಂಕಿ ಹಾಕು. ಸತ್ತಾಗಿನ ಲಾಗ್‌ನಲ್ಲಿ ‘ನಾರ್ಮಲ್’ ಅಂತ ಶುರುವಾಗೋ ಸಾಲು, ‘ಹೈಮೆಮ್’ ಅಂತ ಶುರುವಾಗೋ ಸಾಲು ಇದಾವಾ ನೋಡು.


ಮಂಡಕ್ಕಿ ಮಿರ್ಚಿ
ಸೋಮವಾರ ರಾತ್ರಿ 10:50

ಯೂನೇಮ್: ಐ686.
ಲೋ: ಒಟ್ಟು 735 ಎಂಬಿ, ಖಾಲಿ 21 ಎಂಬಿ.
ಹೈ: ಒಟ್ಟು 15 ಜಿಬಿ ಮೇಲೆ.
ಲಾಗ್‌ನಾಗ ನಾರ್ಮಲ್, ಹೈಮೆಮ್ ಎರಡೂ ಅದಾವು. ನಾರ್ಮಲ್ ಸಾಲಿನಾಗ ‘ಫ್ರೀ’ ಅನ್ನೋದು ‘ಮಿನ್’ ಅನ್ನೋದಕ್ಕಿಂತ ಕಡಿಮಿ ಐತಿ. ಮೆಮ್‌ಇನ್ಫೊದಾಗ ‘ಸ್ಲ್ಯಾಬ್’ 510 ಎಂಬಿ ತೋರಿಸ್ತು.


ಕೋಟೆ ಕಲ್ಲು
ಸೋಮವಾರ ರಾತ್ರಿ 11:20

ಸಿಕ್ತು. ಐ686 ಅಂದ್ರೆ ನಿನ್ನ ಸಿಸ್ಟಂನಲ್ಲಿರೋದು 32 ಬಿಟ್ ಲಿನಕ್ಸ್. ಹಾಕಿದವರು ಯಾರೋ ಹಳೇ ಪೆನ್ ಡ್ರೈವ್ ಚುಚ್ಚಿ ಹಾಕಿದಾರೆ. ಪ್ರೋಸೆಸರ್ 64 ಬಿಟ್‌ದೇ.

ವಿಷಯ ಏನಂದ್ರೆ, 32 ಬಿಟ್ ಕರ್ನಲ್‌ಗೆ ಪಿಎಇ ಅನ್ನೋ ಉಪಾಯದಿಂದ 4 ಜಿಬಿ ಮೇಲಿನ ರ‍್ಯಾಮ್ ಕಾಣುತ್ತೆ. ಆದ್ರೆ ಕರ್ನಲ್ ಯಾವಾಗಲೂ ನೇರವಾಗಿ ಕೈ ಹಾಕೋಕೆ ಆಗೋದು ಮೊದಲ 896 ಎಂಬಿಗೆ ಮಾತ್ರ. ಅದಕ್ಕೆ ಲೋ ಮೆಮೊರಿ ಅಂತಾರೆ, ನಿನ್ನ ಲಾಗ್‌ನ ‘ನಾರ್ಮಲ್’ ಸಾಲು ಅದರದೇ. ಅದರ ಮೇಲಿನದು ಹೈ ಮೆಮೊರಿ. ಬ್ರೌಸರ್, ವಿಡಿಯೊ ಪ್ಲೇಯರ್ ಎಲ್ಲ ಹೈ ಮೆಮೊರಿಲಿ ಕೂತ್ಕೋಬಹುದು. ಕರ್ನಲ್‌ನ ಸ್ವಂತ ಸಾಮಾನು ಲೋ ಮೆಮೊರಿಲೇ ಇರಬೇಕು: ಫೈಲ್ ಹೆಸರುಗಳ ಪಟ್ಟಿ, ಇನೋಡ್‌ಗಳು (ಒಂದೊಂದು ಫೈಲಿನ ವಿವರದ ಚೀಟಿ), ಯಾವ ಪುಟ ಎಲ್ಲೈತೆ ಅನ್ನೋ ಸೂಚಿ. ನಿನ್ನ 510 ಎಂಬಿ ಸ್ಲ್ಯಾಬ್ ಅಂದ್ರೆ ಅದೇ. ಮದುವೆ ಅಂದ್ರೆ ಸಾವಿರಾರು ಫೋಟೊ, ಒಂದೊಂದು ಫೈಲಿಗೂ ಒಂದೊಂದು ಚೀಟಿ.

ಇನ್ನೊಂದು ಪೆಟ್ಟು: ಪಾರ್ಟಿ ಡಿಸ್ಕ್ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫಾರ್ಮ್ಯಾಟ್) ಇರಬೇಕಲ್ಲ? ಮಿಂಟ್ 19ರಲ್ಲಿ ಅದನ್ನ ಬರೆಯೋದು ಎನ್‌ಟಿಎಫ್‌ಎಸ್-3ಜಿ ಅನ್ನೋ ಹೊರಗಿನ ಪ್ರೋಗ್ರಾಂ. ಅದು ಫೈಲ್ ಅಂತ ಬರೆಯಲ್ಲ, ಇಡೀ ಡಿಸ್ಕ್‌ನ್ನೇ ಒಂದು ಬ್ಲಾಕ್ ಡಿವೈಸ್ ಅಂತ ತೆಗೆದು ಬರೆಯುತ್ತೆ. ಬ್ಲಾಕ್ ಡಿವೈಸ್‌ನ ಕ್ಯಾಶ್‌ಗೆ (ಮೆಮೊರಿಲಿರೋ ತಾತ್ಕಾಲಿಕ ಪ್ರತಿಗೆ) 32 ಬಿಟ್‌ನಲ್ಲಿ ಹೈ ಮೆಮೊರಿಗೆ ಪ್ರವೇಶ ಇಲ್ಲ. ಅಂದ್ರೆ ನಿನ್ನ 380 ಜಿಬಿ ಪೂರ್ತಿ ಆ 735 ಎಂಬಿ ಕಿಂಡೀಲೇ ನುಗ್ಗಿ ಹೋಗಬೇಕು. ನಾನು ಹೇಳಿದ ಡರ್ಟಿ ಮಿತಿಯಿಂದ ಕಿಂಡಿ ಸ್ವಲ್ಪ ತಡವಾಗಿ ಕಟ್ಟಿಕೊಂಡಿತು, ಅಷ್ಟೇ.

ಸ್ವಾಪ್ ಯಾಕೆ ಮುಟ್ಟಲಿಲ್ಲ ಅಂತ ಕೇಳಿದ್ಯಲ್ಲ, ಕರ್ನಲ್‌ನ ಸ್ಲ್ಯಾಬ್ ಸ್ವಾಪ್‌ಗೆ ಹೋಗಲ್ಲ. ಸ್ವಾಪ್ 40 ಜಿಬಿ ಇದ್ರೂ ಇದೇ ಗತಿ.


ಲೆಕ್ಕದ ಮೇಷ್ಟ್ರು
ಮಂಗಳವಾರ ಬೆಳಿಗ್ಗೆ 6:05

ಈಗ ಕೂಡಿತು. ವಾಕಿಂಗ್‌ಗೆ ಹೊರಡುವ ಮೊದಲು ಇನ್ನೊಂದು ಲೆಕ್ಕ ಹಾಕಿ ನೋಡಿದೆ. ರ‍್ಯಾಮಿನ ಪ್ರತಿ 4 ಕೆಬಿ ಪುಟಕ್ಕೂ ಕರ್ನಲ್ ಒಂದು ದಾಖಲೆ ಇಡುತ್ತದೆ, 32 ಬಿಟ್‌ನಲ್ಲಿ ಅದು 32 ಬೈಟ್. 16 ಜಿಬಿ ಎಂದರೆ 41,94,304 ಪುಟ. ಗುಣಿಸಿದರೆ 128 ಎಂಬಿ. ಆ ದಾಖಲೆ ಪುಸ್ತಕವೂ ಲೋ ಮೆಮೊರಿಯಲ್ಲೇ ಇರಬೇಕು. 4 ಜಿಬಿ ಇದ್ದಾಗ ಅದು 32 ಎಂಬಿ ಮಾತ್ರ ಹಿಡಿಯುತ್ತಿತ್ತು.

ಅಂದರೆ ಈ ಹುಡುಗ ದುಡ್ಡು ಕೊಟ್ಟು ರ‍್ಯಾಮ್ ಹಾಕಿಸಿ, ಬೇಕಾದ ಮೆಮೊರಿಯನ್ನೇ ಸುಮಾರು 96 ಎಂಬಿ ಕಡಿಮೆ ಮಾಡಿಕೊಂಡಿದ್ದಾನೆ! ಮನೆಗೆ ಕೋಣೆ ಸೇರಿಸಿದಷ್ಟೂ ಬೀಗದ ಕೈಗೊಂಚಲು ದಪ್ಪವಾಗಿ, ಅದನ್ನಿಡುವ ಜೇಬು ಮಾತ್ರ ಹಳೆಯದೇ ಉಳಿದ ಹಾಗೆ.


ಕೋಟೆ ಕಲ್ಲು
ಮಂಗಳವಾರ ಬೆಳಿಗ್ಗೆ 7:30

ಮೇಷ್ಟ್ರೇ, ಕೈಗೊಂಚಲು ಅಂದಿದ್ದು ಬಹಳ ಚೆನ್ನಾಗೈತೆ. ವೇಗ ಕೆಬಿಗೆ ಇಳಿದದ್ದಕ್ಕೂ ಉತ್ತರ ಇದರಲ್ಲೇ ಐತೆ, ಲೋ ಮೆಮೊರಿ ಕಿಂಡಿ ಕಟ್ಟಿಕೊಂಡಿತ್ತು. ಮಂಡಕ್ಕಿ, ನೀನು ಬೈಟ್ ಮಿತಿ ಹಾಕೋ ಮುಂಚೆಯೂ 20 ಪರ್ಸೆಂಟ್ ಅನ್ನೋದು 16 ಜಿಬಿಯ 20 ಅಲ್ಲ; 32 ಬಿಟ್‌ನಲ್ಲಿ ಡರ್ಟಿ ಲೆಕ್ಕಕ್ಕೆ ಹೈ ಮೆಮೊರಿ ಸೇರಲ್ಲ. ಲೋ ಮೆಮೊರಿಲಿ ಸ್ಲ್ಯಾಬ್ ಹೋಗಿ ಉಳಿದಿದ್ದರ ಮೇಲೆ ಲೆಕ್ಕ. ಹಂಗಾಗಿ ನಾನು ನಿನ್ನೆ ಮೊದಲು ಹೇಳಿದ ‘ರ‍್ಯಾಮ್ ದೊಡ್ಡದಾದಷ್ಟೂ’ ಅನ್ನೋ ವಿವರಣೆ ನಿನ್ನ ಸಿಸ್ಟಂಗೆ ಉಲ್ಟಾ. ಅದು 64 ಬಿಟ್‌ಗೆ ಸರಿ.


ಮಂಡಕ್ಕಿ ಮಿರ್ಚಿ
ಮಂಗಳವಾರ ಬೆಳಿಗ್ಗೆ 9:40

ಎಲ್ಲ ತಿಳೀತು ಅಂತ ಸುಳ್ಳು ಹೇಳಲ್ಲ, ಮುಕ್ಕಾಲು ತಿಳೀತು. 64 ಬಿಟ್ ಹಾಕಬೇಕು ಅಂತ ಅರ್ಥ ಆತು. ಆದ್ರೆ ನಾಳೆ ಮುಂಜಾನೆ ಪಾರ್ಟಿ ಬರ್ತಾರೆ. ಇವತ್ತು ಹಗಲೆಲ್ಲ ಇನ್ನೊಂದು ಫಂಕ್ಷನ್ ಶೂಟ್ ಐತಿ. ಇನ್‌ಸ್ಟಾಲ್ ಮಾಡಾಕ ಕೂತ್ರೆ ಕೆಲಸ ಕೆಡ್ತತಿ. ರಾತ್ರಿಗೆ ಏನಾದ್ರೂ ಉಪಾಯ?


ಕೋಟೆ ಕಲ್ಲು
ಮಂಗಳವಾರ ಬೆಳಿಗ್ಗೆ 9:55

ಐತೆ. ಬೂಟ್ ಆಗುವಾಗ ಮೊದಲು ಬರೋ ಗ್ರಬ್ ಮೆನುವಿನಲ್ಲಿ ‘ಇ’ ಒತ್ತು. ‘ಲಿನಕ್ಸ್’ ಅಂತ ಶುರುವಾಗೋ ಸಾಲಿನ ಕೊನೇಲಿ ಒಂದು ಜಾಗ ಬಿಟ್ಟು ‘ಮೆಮ್=4ಜಿ’ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಫ್10 ಒತ್ತು. ಆ ಒಂದು ಸಲಕ್ಕೆ 4 ಜಿಬಿಯಷ್ಟೇ ಕಾಣುತ್ತೆ, ಹಳೇ ಕಾಲದ ಹಂಗೆ ಓಡುತ್ತೆ. ಡರ್ಟಿ ಮಿತಿ ನಿನ್ನೆ ಕೈಯಲ್ಲಿ ಹಾಕಿದ್ದು ರೀಬೂಟ್‌ಗೆ ಹೋಗಿರುತ್ತೆ, ಮತ್ತೆ ಹಾಕು. ಬ್ರೌಸರ್ ತೆಗಿಬೇಡ.


ಹದಡಿ ರೋಡ್
ಮಂಗಳವಾರ ಬೆಳಿಗ್ಗೆ 10:10

ಹೊಸ ರ‍್ಯಾಮ್ ಹಾಕಿ ಕಾಣದಂಗ ಮಾಡೋದು! ಅಂಗಡಿಯವನಿಗೆ ಗೊತ್ತಾದ್ರೆ ನಗ್ತಾನೆ.


ಚಂದ್ರವಳ್ಳಿ, ಚಿತ್ರದುರ್ಗ
ಮಂಗಳವಾರ ಮಧ್ಯಾಹ್ನ 1:20

ತಡವಾಗಿ ಬಂದೆ. ನಮ್ಮಲ್ಲಿ ಹಳೇ ಕಾಗದಪತ್ರ ಸ್ಕ್ಯಾನ್ ಮಾಡಿ ಡಿಸ್ಕ್‌ಗೆ ತುಂಬುವ ಕೆಲಸ, ಈ ನೋವು ಗೊತ್ತು. ತಮ್ಮಾ, ಎರಡು ಮಾತು.

ಫೈಲ್ ಮ್ಯಾನೇಜರಿನಲ್ಲಿ ಎಳೆದು ಬಿಡಬೇಡ, ಆರ್‌ಸಿಂಕ್ ಎಂಬ ಕಾಪಿ ಕಮಾಂಡ್ ಬಳಸು. ನಡುವೆ ಸತ್ತರೆ ಮುಗಿದ ಫೈಲುಗಳನ್ನು ಬಿಟ್ಟು ಮುಂದಿನದರಿಂದ ಹಿಡಿಯುತ್ತದೆ. ಬೇಕಿದ್ದರೆ ‘ಬಿಡಬ್ಲ್ಯೂ ಲಿಮಿಟ್’ ಆಯ್ಕೆಯಲ್ಲಿ ಸೆಕೆಂಡಿಗೆ 20 ಎಂಬಿ ಅಂತ ಕಟ್ಟುಹಾಕಬಹುದು. ಡಿಸ್ಕ್ ತಡೆದುಕೊಳ್ಳುವುದಕ್ಕಿಂತ ಕಡಿಮೆ ವೇಗದಲ್ಲಿ ಬಿಟ್ಟರೆ ಡರ್ಟಿ ಪುಟ ರಾಶಿ ಬೀಳುವುದೇ ಇಲ್ಲ.

ಎರಡನೆಯದು: ಮುಗಿದ ಮೇಲೆ ‘ಮೈನಸ್ ಸಿ’ ಸೇರಿಸಿ ಇನ್ನೊಮ್ಮೆ ಓಡಿಸು, ಎರಡೂ ಕಡೆಯ ಫೈಲನ್ನು ಚೆಕ್‌ಸಮ್ (ಫೈಲಿನ ಒಳಗಿನ ಡೇಟಾದಿಂದ ತೆಗೆದ ತಾಳೆ ಸಂಖ್ಯೆ) ಹಾಕಿ ಹೋಲಿಸುತ್ತದೆ. ಅದಕ್ಕೆ ಮುಂಚೆ ಡಿಸ್ಕ್ ಬಿಚ್ಚಿ ಮತ್ತೆ ಚುಚ್ಚು. ಇಲ್ಲದಿದ್ದರೆ ರ‍್ಯಾಮ್‌ನಲ್ಲಿರುವ ಕ್ಯಾಶ್‌ನಿಂದಲೇ ಓದಿ ‘ಎಲ್ಲ ಸರಿ’ ಎಂದುಬಿಡಬಹುದು. ಮದುವೆ ಇನ್ನೊಮ್ಮೆ ನಡೆಯುವುದಿಲ್ಲ. ಕ್ಯಾಮೆರಾ ಕಾರ್ಡ್ ಅಲ್ಲಿಯವರೆಗೆ ಫಾರ್ಮ್ಯಾಟ್ ಮಾಡಬೇಡ.


ಮಂಡಕ್ಕಿ ಮಿರ್ಚಿ
ಬುಧವಾರ ಬೆಳಿಗ್ಗೆ 8:15

ಆತು ರೀ!! ರಾತ್ರಿ 9ಕ್ಕೆ ಹಚ್ಚಿ ಮಲಗಿದ್ದೆ. ನಡುವೆ ಕರೆಂಟ್ ಹೋಗಿತ್ತಂತೆ, ಯುಪಿಎಸ್ ಎಳೀತು. ಎದ್ದು ನೋಡಿದ್ರೆ 380 ಜಿಬಿ ಪೂರ್ತಿ ಹೋಗೈತಿ, ಒಂದು ಪ್ರೋಗ್ರಾಂನೂ ಸತ್ತಿಲ್ಲ. ಚಂದ್ರವಳ್ಳಿ ಅಕ್ಕ ಹೇಳಿದ ಚೆಕ್‌ಸಮ್ ಈಗ ನಡೀತೈತಿ, ಪಾರ್ಟಿಗೆ ಮಧ್ಯಾಹ್ನ ಬರ್ರಿ ಅಂದೀನಿ. ಭಾನುವಾರ 64 ಬಿಟ್ ಹಾಕ್ತೀನಿ.


ಮಂಡಕ್ಕಿ ಮಿರ್ಚಿ
ಸೋಮವಾರ ರಾತ್ರಿ 9:05

ಮತ್ತೆ ನಾನೇ. ನಿನ್ನೆ ಮಿಂಟ್ 21, 64 ಬಿಟ್ ಹಾಕಿದೆ. 16 ಜಿಬಿ ಪೂರ್ತಿ, ಲೋ-ಹೈ ರಗಳೆ ಇಲ್ಲ. ಇವತ್ತು ಬೇರೆ ಪಾರ್ಟಿದು 250 ಜಿಬಿ, ಅವರ ಹೊಸ 4 ಟಿಬಿ ಪಾಕೆಟ್ ಡಿಸ್ಕ್. ಸಾಯಲಿಲ್ಲ, ನಿಜ. ಆದ್ರೆ ಎರಡು ಹೊಸ ತಕರಾರು.

ಕಾಪಿ ನಡೆಯುವಾಗ ಬ್ರೌಸರ್, ಮೆನು ಎಲ್ಲ ಒಂದು ನಿಮಿಷ ಹಂಗೇ ಹೆಪ್ಪುಗಟ್ತಾವು. ಮೆಮ್‌ಇನ್ಫೊ ನೋಡಿದ್ರೆ ಡರ್ಟಿ 2.4 ಜಿಬಿ. ಇನ್ನೊಂದು, ಮೊದಲು ಸೆಕೆಂಡಿಗೆ 32 ಎಂಬಿ ಓಡ್ತಿತ್ತು, ಒಂದು ಗಂಟೆ ಆದ ಮೇಲೆ 7-8ಕ್ಕೆ ಬಿತ್ತು. ಎಲ್ಲ ವಿಡಿಯೊ ಫೈಲೇ, ಸಣ್ಣ ಫೈಲ್ ಅಲ್ಲ.


ಲೆಕ್ಕದ ಮೇಷ್ಟ್ರು
ಸೋಮವಾರ ರಾತ್ರಿ 9:20

2400ನ್ನು 32ರಿಂದ ಭಾಗಿಸಿದರೆ 75 ಸೆಕೆಂಡ್. ನಿನ್ನ ‘ಒಂದು ನಿಮಿಷ’ ಅಲ್ಲೇ ಇದೆ. ವೇಗ 8ಕ್ಕೆ ಬಿದ್ದರೆ ಅದೇ ರಾಶಿ ಕರಗಲು 5 ನಿಮಿಷ. ಕೋಟೆಯವರ ಮೊದಲ ಔಷಧ ಈಗ ಸರಿಯಾದ ರೋಗಿಗೆ ಸಿಕ್ಕಿದೆ.


ಕೋಟೆ ಕಲ್ಲು
ಸೋಮವಾರ ರಾತ್ರಿ 9:45

ಹೌದು, ಈಗ ಹಾಕು ಅದೇ 64 ಎಂಬಿ, 256 ಎಂಬಿ. ಈ ಸಲ ಉಳಿಯೋ ಹಂಗೆ ಇಟಿಸಿ ಒಳಗಿನ ಸಿಸ್‌ಕಂಟ್ರೋಲ್ ಡಾಟ್ ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ ಬರೆದಿಡು. ಬ್ರೌಸರ್ ಯಾಕೆ ನಿಲ್ಲುತ್ತೆ ಅಂದ್ರೆ, ಅದೂ ಆಗಾಗ ಒಳಗಿನ ಡಿಸ್ಕ್‌ಗೆ ಚೂರುಪಾರು ಬರೀತಿರುತ್ತೆ. ಡರ್ಟಿ ಮಿತಿ ಇಡೀ ಸಿಸ್ಟಂಗೆ ಒಂದೇ ಇರೋದ್ರಿಂದ, ಯುಎಸ್‌ಬಿ ಡಿಸ್ಕ್ ಮಾಡಿದ ತಪ್ಪಿಗೆ ಬ್ರೌಸರ್‌ಗೂ ಶಿಕ್ಷೆ.

ನಮ್ಮ ಚಿತ್ರದುರ್ಗದ ಕೋಟೆ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತಲ್ಲ, ಹಂಗೆ ಇಲ್ಲೂ ಹಂತ ಹಂತ: ರ‍್ಯಾಮ್, ಡಿಸ್ಕ್‌ನ ಸ್ವಂತ ಕ್ಯಾಶ್, ಆಮೇಲೆ ತಟ್ಟೆ. ಕೆಳಗಿನ ಹೊಂಡದ ತೂಬು ಸಣ್ಣದಿದ್ರೆ ಮೇಲಿನದು ಎಷ್ಟು ದೊಡ್ಡದಿದ್ರೂ ಏನೂ ಬೇಗ ಆಗಲ್ಲ.

32 ಎಂಬಿ ಅನ್ನೋದು ಯುಎಸ್‌ಬಿ 2ರ ಮಿತಿ. ಕಾಗದದ ಮೇಲೆ 480 ಮೆಗಾಬಿಟ್, ಕೈಗೆ ಸಿಗೋದು 30ರಿಂದ 40 ಎಂಬಿ. ಎಚ್61 ಚಿಪ್‌ಸೆಟ್‌ನಲ್ಲಿ ಯುಎಸ್‌ಬಿ 3 ಇಲ್ಲ. ಒಂದು ಪಿಸಿಐ ಎಕ್ಸ್‌ಪ್ರೆಸ್ ಯುಎಸ್‌ಬಿ 3 ಕಾರ್ಡ್ ಹಾಕಿಸು. ರ‍್ಯಾಮ್‌ಗೆ ಹಾಕಿದ ದುಡ್ಡು ಮೊದಲು ಇದಕ್ಕೆ ಹಾಕಿದ್ರೆ ಕಾಪಿ ವೇಗ ನಿಜವಾಗ್ಲೂ ಏರ್ತಿತ್ತು.


ಚಂದ್ರವಳ್ಳಿ
ಸೋಮವಾರ ರಾತ್ರಿ 10:10

ಗಂಟೆಯ ನಂತರ 8ಕ್ಕೆ ಬೀಳುವುದು ಡಿಸ್ಕ್‌ನ ಜಾತಿಗುಣ ಅನಿಸುತ್ತದೆ. ದೊಡ್ಡ ಅಳತೆಯ ಎರಡೂವರೆ ಇಂಚಿನ ಪಾಕೆಟ್ ಡಿಸ್ಕ್‌ಗಳು ಬಹಳಷ್ಟು ಎಸ್‌ಎಂಆರ್. ಅವುಗಳಲ್ಲಿ ಬರೆಯುವ ಗೆರೆಗಳು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೆ ಕೂತ ಸಾಲನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕಲ್ಲ, ಹಾಗೇ. ಅದಕ್ಕೇ ಡಿಸ್ಕ್ ಮೊದಲು ಬಂದದ್ದನ್ನು ಒಂದು ಮಾಮೂಲಿ ಜಾಗದಲ್ಲಿ ತುರುಕಿಕೊಂಡು, ಬಿಡುವಾದಾಗ ಜೋಡಿಸಿಕೊಳ್ಳುತ್ತದೆ. ನೀನು ಗಂಟೆಗಟ್ಟಲೆ ಬಿಡುವೇ ಕೊಡದಿದ್ದರೆ ಆ ಜಾಗ ತುಂಬಿ, ಬರೆಯುವುದೂ ಜೋಡಿಸುವುದೂ ಒಟ್ಟಿಗೆ ನಡೆದು ವೇಗ ಕುಸಿಯುತ್ತದೆ.

ಇದಕ್ಕೆ ಸಾಫ್ಟ್‌ವೇರ್ ಮದ್ದಿಲ್ಲ. ನಾನು ಮಾಡುವುದು: 80-100 ಜಿಬಿಗೆ ನಿಲ್ಲಿಸಿ, ಡಿಸ್ಕ್ ಚುಚ್ಚಿದಂತೆಯೇ ಬಿಟ್ಟು ಊಟಕ್ಕೆ ಹೋಗುತ್ತೇನೆ. ಕಾಪಿ ಮುಗಿದ ಮೇಲೂ ಒಂದರ್ಧ ಗಂಟೆ ಬಿಚ್ಚುವುದಿಲ್ಲ. ‘ಸೇಫ್ಲಿ ರಿಮೂವ್’ ಕೊಡದೆ ಎಳೆಯುವುದಂತೂ ಬೇಡವೇ ಬೇಡ.


ಹದಡಿ ರೋಡ್
ಸೋಮವಾರ ರಾತ್ರಿ 10:22

ನಾ ವಿಂಡೋಸ್‌ನಾಗ ಹಂಗೇ ಕಿತ್ತು ಜೇಬಿಗೆ ಹಾಕ್ತೀನಿ, ಇಲ್ಲಿವರೆಗೂ ಏನೂ ಆಗಿಲ್ಲ.


ಕೋಟೆ ಕಲ್ಲು
ಸೋಮವಾರ ರಾತ್ರಿ 10:30

ವಿಂಡೋಸ್ 10ರ 1809 ಆವೃತ್ತಿಯಿಂದ, ಅಂದ್ರೆ 2018ರ ಕೊನೆಯಿಂದ, ಹೊರಗಿನ ಡಿಸ್ಕ್‌ಗೆ ‘ಕ್ವಿಕ್ ರಿಮೂವಲ್’ ಮೊದಲೇ ಹಾಕಿರುತ್ತೆ, ಬರೆಯೋದನ್ನ ರ‍್ಯಾಮ್‌ನಲ್ಲಿ ಕೂಡಿಡಲ್ಲ. ಅದಕ್ಕೇ ಬಚಾವಾಗಿದೀರಿ. ಕಾಪಿ ನಡೀತಿರುವಾಗ ಕಿತ್ತರೆ ಅಲ್ಲೂ ಕೆಡುತ್ತೆ ಅಣ್ಣಾ.


ಮಂಡಕ್ಕಿ ಮಿರ್ಚಿ
ಶುಕ್ರವಾರ ರಾತ್ರಿ 8:50

ಕಾರ್ಡ್ ಹಾಕಿಸಿದೆ. ಮಾಮೂಲಿ ಡಿಸ್ಕ್ ಆದ್ರೆ ಈಗ ಸೆಕೆಂಡಿಗೆ 100 ಎಂಬಿ ಮೇಲೆ ಓಡ್ತೈತಿ. ಡರ್ಟಿ 256 ದಾಟಲ್ಲ, ಕಾಪಿ ನಡೆಯುವಾಗಲೇ ಈ ಪೋಸ್ಟ್ ಬರೀತಿದೀನಿ, ಒಂದು ಸಲಾನೂ ಹೆಪ್ಪುಗಟ್ಟಿಲ್ಲ. ಎಸ್‌ಎಂಆರ್ ಡಿಸ್ಕ್ ತಂದವರಿಗೆ ‘ನಾಳೆ ಬರ್ರಿ’ ಅಂತೀನಿ.

ಕಾರ್ಡ್ ತಂದದ್ದು ಅದೇ ರ‍್ಯಾಮ್ ಅಂಗಡೀಲಿ. ಹೋಗಾಕ ನಾಚಿಕಿ ಆಗ್ತಿತ್ತು. ನಡೆದದ್ದು ಹೇಳಿದೆ, ‘ನಾ ಹೇಳಿದ್ದೆ ಅಲ್ಲ’ ಅಂತ ಎರಡು ಸಲ ಅಂದ. ಬೆಣ್ಣೆ ದೋಸೆ ಕೊಡಿಸಿ ಬಂದೀನಿ, ಮೂರು ತಿಂದ.


ಹದಡಿ ರೋಡ್
ಶುಕ್ರವಾರ ರಾತ್ರಿ 8:58

ನಂಗೂ ಒಂದು ಕೊಡಿಸಬೇಕಿತ್ತು, ಡೂಪ್ಲಿಕೇಟ್ ಅಂದವನು ನಾನೇ ಅಲ್ಲೇನು.